ದೊಡ್ಡಕ್ಕನ ಮಲಗುವ ದಿನ

ಬೆಳಗಿನ ಐದೂ ಕಾಲು. ಓಣಿಗೆ ಹಾಲಿನವನ ಸೈಕಲ್ಲು ಇನ್ನೂ ಬಂದಿಲ್ಲ. ಒಂದು ಕಾಲಕ್ಕೆ ಬೇಕರಿಯಾಗಿದ್ದ ಮೂಲೆಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗೆ ನಾಲ್ಕು ಮಂಚ. ಮೊದಲ ಮಂಚದ ಎದುರು ದೊಡ್ಡಕ್ಕ ತೋಳು ಮಡಚಿ, ಕಾಲು ಅಗಲಿಸಿ ನಿಂತಿದ್ದಾರೆ. ವಯಸ್ಸು ಎಪ್ಪತ್ತೊಂದು. ಎತ್ತರ ಐದಡಿಗೂ ಒಂದು ಬೆರಳು ಕಡಿಮೆ. ದೊಡ್ಡಕ್ಕ ಎನ್ನುವುದು ಮೈ ನೋಡಿ ಇಟ್ಟ ಹೆಸರಲ್ಲ, ಬಾಯಿ ಜೋರು ನೋಡಿ ಇಟ್ಟದ್ದು. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿರುವ ಎತ್ತರದಕ್ಕನಿಗೆ ಎಪ್ಪತ್ತಮೂರು. ಅವರ ಹೆಸರಿನಲ್ಲಿ ಸುಳ್ಳಿಲ್ಲ. ಇಬ್ಬರೂ ಒಂದೇ ನರ್ಸಿಂಗ್ ಹೋಮಿನಲ್ಲಿ ಮೂವತ್ತು ವರ್ಷ ಆಯಾಗಳಾಗಿದ್ದವರು. ಈಗ ಒಬ್ಬರು ತಾವಾಗಿ ಏಳಲಾರರು, ಇನ್ನೊಬ್ಬರು ಎಬ್ಬಿಸಬೇಕು.

"ಕತ್ತು ಹಿಡ್ಕೋಬೇಡ ಕಣೇ, ಸೊಂಟ ಹಿಡ್ಕೋ. ಎಷ್ಟು ಸಲ ಹೇಳ್ಬೇಕು ನಿಂಗೆ?"

"ನಿನ್ನ ಸೊಂಟ ಎಲ್ಲಿದೆ ಅಂತ ಹುಡುಕ್ತಾ ಇದ್ದೀನಿ, ತಡಿ," ಎನ್ನುತ್ತಾರೆ ಎತ್ತರದಕ್ಕ.

ದೊಡ್ಡಕ್ಕ ತಮ್ಮ ಮೊಣಕಾಲನ್ನು ಗೆಳತಿಯ ಮೊಣಕಾಲಿಗೆ ಆನಿಸುತ್ತಾರೆ. ಎರಡೂ ಕೈಯನ್ನು ಕಂಕುಳ ಕೆಳಗಿಂದ ಬೆನ್ನಿಗೆ ಸೇರಿಸುತ್ತಾರೆ. ಒಂದು, ಎರಡು, ಹಾಂ! ಎತ್ತರದಕ್ಕ ಅರ್ಧ ಏಳುತ್ತಾರೆ. ಅಷ್ಟೇ. ಮುಂದಿನ ಕ್ಷಣ ದೊಡ್ಡಕ್ಕನ ಮೊಣಕಾಲು ಕೈಕೊಟ್ಟು, ಇಬ್ಬರೂ ಧೊಪ್ಪೆಂದು ಮಂಚದ ಮೇಲೆ ಅಕ್ಕಪಕ್ಕ ಕೂತುಬಿಡುತ್ತಾರೆ. ಆಮೇಲೆ ಇಬ್ಬರಿಗೂ ತಡೆಯಲಾರದ ನಗು. ಬಿಸಿನೀರಿನ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿರುವ ದೊಡ್ಡಕ್ಕನ ಮಗಳು ಮಾತ್ರ ನಗುವುದಿಲ್ಲ.

"ಎಷ್ಟನೇ ಸಲ ಅಮ್ಮ ಇದು?"

"ನೆಲ ಒದ್ದೆ ಇತ್ತು ಕಣೇ, ಕಾಲು ಜಾರ್ತು."

"ಈಗಷ್ಟೇ ಒರೆಸಿದ್ದೀನಿ ನಾನು. ಒಣಗಿ ಗರಿಗರಿಯಾಗಿದೆ."

ಮಗಳಿಗೆ ನಲವತ್ತನಾಲ್ಕು. ಅವಳೂ ಇದೇ ಕಸುಬಿನವಳು, ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಾಳೆ. ಬಕೆಟ್ಟು ಕೆಳಗಿಟ್ಟು ಬಂದು ಅಮ್ಮನನ್ನು ಪಕ್ಕಕ್ಕೆ ಸರಿಸಿ, ಎತ್ತರದಕ್ಕನನ್ನು ಒಂದೇ ಉಸಿರಿಗೆ ಎತ್ತಿ ಕುರ್ಚಿಯಲ್ಲಿ ಕೂರಿಸುತ್ತಾಳೆ. ದೊಡ್ಡಕ್ಕ ಮುಖ ಬೇರೆ ಕಡೆ ತಿರುಗಿಸಿ, ಸುಕ್ಕೇ ಇಲ್ಲದ ಹಾಸಿಗೆಯ ಸುಕ್ಕು ತೆಗೆಯುತ್ತಾರೆ. ಅವರಿಗೆ ಗೊತ್ತು, ಈ ಭಾನುವಾರಕ್ಕೆ ಇನ್ನು ನಾಲ್ಕೇ ದಿನ. ಕಿಟಕಿ ಪಕ್ಕದ ನಾಲ್ಕನೇ ಮಂಚ ಖಾಲಿಯಾಗಿ ಮೂರೂವರೆ ವಾರ ಆಗಿದೆ. ಸರದಿಯ ಪ್ರಕಾರ ಅದು ದೊಡ್ಡಕ್ಕನದು. ಭಾನುವಾರದೊಳಗೆ ಒಪ್ಪಿಕೊಳ್ಳದಿದ್ದರೆ ಅದು ಮುಂದಿನವರ ಪಾಲು. ದೊಡ್ಡಕ್ಕ ಸಾಲಿನ ಕೊನೆಗೆ. ಸಾಲಿನಲ್ಲಿ ಹತ್ತೊಂಬತ್ತು ಜನ ಇದ್ದಾರೆ. ಈ ನಿಯಮವನ್ನು ಸ್ವತಃ ದೊಡ್ಡಕ್ಕನೇ ಮಾಡಿದ್ದು, ಅದೂ ಮೇಜು ಗುದ್ದಿ.

ದೊಡ್ಡಕ್ಕ ಇರುವುದು ಎರಡು ಓಣಿ ಆಚೆ, ಮಹಡಿ ಮೇಲಿನ ಬಾಡಿಗೆ ಕೋಣೆಯಲ್ಲಿ. ಹದಿನೇಳು ಮೆಟ್ಟಿಲು. ಈ ವರ್ಷ ಎರಡು ಸಲ ಉರುಳಿದ್ದಾರೆ. ಎರಡನೇ ಸಲ ಬಿದ್ದಾಗ ಕೆಳಗಿನ ಮನೆಯ ಟೈಲರ್ ಎತ್ತಿ ಕೂರಿಸಿದ. "ಪಾಪ, ಒಳ್ಳೆ ಹುಡುಗ. ಆದ್ರೆ ಕೈ ಹಿಡಿದು ಎಳೆದ ನೋಡಿ, ಹಂಗೆ ಎಳೆದ್ರೆ ಭುಜ ಕಳಚಿ ಬರತ್ತೆ. ನೋವಲ್ಲೂ ಅವನಿಗೆ ಪಾಠ ಹೇಳಿದೆ," ಎಂದು ನಗುತ್ತಾರೆ. ಮಗಳ ಮನೆಯಲ್ಲಿ ಎರಡೇ ಕೋಣೆ. ಅಲ್ಲಿ ಅಳಿಯನ ತಾಯಿ ಈಗಾಗಲೇ ಹಾಸಿಗೆ ಹಿಡಿದಿದ್ದಾರೆ. ಅಲ್ಲಿಗೆ ಹೋಗುವ ಮಾತೇ ಇಲ್ಲ. ಇರುವ ಜಾಗ ಇದೊಂದೇ, ತಾನೇ ಕಟ್ಟಿದ್ದು. ಅದಕ್ಕೂ ಜಪ್ಪಯ್ಯ ಎಂದರೂ ಒಪ್ಪುತ್ತಿಲ್ಲ ಈ ಹೆಂಗಸು.

ಈ ಮನೆ ಹುಟ್ಟಿದ ಕತೆಗೆ ಮೂವತ್ತೊಂದು ವರ್ಷ ಹಿಂದಕ್ಕೆ ಹೋಗಬೇಕು. ನರ್ಸಿಂಗ್ ಹೋಮಿನ ಹಿಂದುಗಡೆ ಒಂದು ಮೆಟ್ಟಿಲ ಸಾಲು, ಅದರ ಮುಂದೆ ಬಟ್ಟೆ ಒಣಗಿಸುವ ಬಯಲು. ಮಧ್ಯಾಹ್ನ ಒಂದು ಗಂಟೆಗೆ ಹನ್ನೊಂದು ಜನ ಆಯಾಗಳು ಆ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚುತ್ತಿದ್ದರು. ಮುಂದೆ ಹಗ್ಗದ ಮೇಲೆ ಮೂವತ್ತು ನಲವತ್ತು ಬಿಳಿ ಹಾಸುಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. "ಆ ಸದ್ದು ಈಗ ಎಲ್ಲಿ? ಈಗ ಬಟ್ಟೆ ಹೊರಗಡೆ ಕೊಡ್ತಾರೆ, ವ್ಯಾನ್ ಬಂದು ಒಯ್ಯತ್ತೆ," ಎಂದು ದೊಡ್ಡಕ್ಕ ನಿಟ್ಟುಸಿರು ಬಿಡುತ್ತಾರೆ. "ಆಗ ಊಟಕ್ಕೆ ಸಿಗ್ತಾ ಇದ್ದಿದ್ದು ಅರ್ಧ ಗಂಟೆ. ಆ ಅರ್ಧ ಗಂಟೇಲಿ ನಾವು ನಕ್ಕಿದ್ದಷ್ಟು ಈಗಿನೋರು ವರ್ಷ ಪೂರ್ತಿ ನಗಲ್ಲ. ಡಾಕ್ಟ್ರ ನಡಿಗೆ, ಮೇಟ್ರನ್ ಕೆಮ್ಮು, ಎಲ್ಲಾ ಮಾಡಿ ತೋರಿಸೋಳು ಇವಳು." ಇವಳು ಎಂದರೆ ಎತ್ತರದಕ್ಕ. ಮೇಟ್ರನ್ನಿನ ಆ ಕೆಮ್ಮನ್ನು ಅವರು ಈಗಲೂ ಕೆಮ್ಮಿ ತೋರಿಸುತ್ತಾರೆ.

ಆ ಹನ್ನೊಂದು ಜನರಿಗೂ ಕೆಲಸ ಕಲಿಸಿದವರು ಹಳೇ ಆಯಮ್ಮ. ನಲವತ್ತು ವರ್ಷ ಊರಿನವರನ್ನೆಲ್ಲ ಎತ್ತಿ, ತೊಳೆದು, ಮಗ್ಗುಲು ಬದಲಿಸಿದ ಮುದುಕಿ. ಒಂದು ದಿನ ಅವರೇ ಬಿದ್ದರು. ಹಿಂದೆಮುಂದೆ ಯಾರೂ ಇರಲಿಲ್ಲ. ದುಡಿದ ದುಡ್ಡೆಲ್ಲ ತಮ್ಮನ ಮಕ್ಕಳ ಓದಿಗೆ ಹೋಗಿತ್ತು. ಆಸ್ಪತ್ರೆಯವರು ಪಾಪ ಅಂತ ಸಾಮಾನಿನ ಕೋಣೆಯಲ್ಲಿ ಒಂದು ಮುರುಕಲು ಮಂಚ ಕೊಟ್ಟರು. ಏಳು ತಿಂಗಳು ಈ ಹನ್ನೊಂದು ಜನ ಊಟದ ಹೊತ್ತಿನಲ್ಲಿ ಸರದಿ ಹಾಕಿಕೊಂಡು ನೋಡಿಕೊಂಡರು. ಒಬ್ಬರು ಉಣ್ಣುವಾಗ ಇಬ್ಬರು ಮಗ್ಗುಲು ಬದಲಿಸುವುದು, ಆಮೇಲೆ ಅದಲು ಬದಲು. ಆಯಮ್ಮ ಹೋದ ಮರುದಿನ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದರೂ ಯಾರಿಗೂ ತುತ್ತು ಇಳಿಯಲಿಲ್ಲ. ಅವತ್ತು ದೊಡ್ಡಕ್ಕ ಹೇಳಿದರಂತೆ, "ಮುಂದಿನ ಸಲ ಈ ಮಂಚದ ಮೇಲೆ ನಮ್ಮಲ್ಲೇ ಒಬ್ಬಳಿರ್ತಾಳೆ. ಈಗ್ಲೇ ಏನಾದ್ರೂ ಮಾಡಬೇಕು."

ಮಾಡಿದ್ದೇನು? ಮುಪ್ಪಿಗೆ ತಮ್ಮದೇ ಒಂದು ಜಾಗ ಬೇಕೆಂದು ದುಡ್ಡು ಕೂಡಿಸತೊಡಗಿದರು. ತಿಂಗಳಿಗೆ ಇಷ್ಟು ರೂಪಾಯಿ ಎಂದು ಅವರು ಗೊತ್ತುಮಾಡಲಿಲ್ಲ. ತಿಂಗಳಿಗೆ ಒಂದು ದಿನ ಎಂದರು. ಒಂದು ದಿನದ ಕೂಲಿ, ಅದೆಷ್ಟೇ ಇರಲಿ. ಕೂಲಿ ಏರಿದರೆ ಅದೂ ಏರುತ್ತದೆ. ಈ ಒಂದು ಬುದ್ಧಿವಂತಿಕೆಗೆ ದೊಡ್ಡ ದೊಡ್ಡ ಡಿಗ್ರಿಯವರು ತಲೆದೂಗಬೇಕು. "ನನ್ನ ಗಂಡನ ಸೋದರತ್ತೆ ಒಬ್ಬರು ಇಪ್ಪತ್ತು ವರ್ಷ ಮುದಿತನಕ್ಕೆ ಅಂತ ಕೂಡಿಟ್ರು. ತೆಗೆಯೋ ಹೊತ್ತಿಗೆ ಅದ್ರಲ್ಲಿ ಎರಡು ತಿಂಗಳ ಔಷಧಿ ಬರಲಿಲ್ಲ," ಎನ್ನುತ್ತಾರೆ ದೊಡ್ಡಕ್ಕ. "ರೂಪಾಯಿಗೆ ಮುಪ್ಪು ಬರತ್ತೆ, ದಿನಕ್ಕೆ ಬರಲ್ಲ. ಆಗಿನ ಒಂದು ದಿನ ಅಂದ್ರೂ ಒಂದು ದಿನವೇ, ಈಗಿನದೂ ಅಷ್ಟೇ. ಆ ದಿನ ನಾನು ದುಡಿದೇ ಇಲ್ಲ ಅಂತ ಅಂದ್ಕೊಳ್ಳೋದು. ಅದು ಮುಂದೆ ಮುದುಕಿ ಆಗೋ ದೊಡ್ಡಕ್ಕನ ದುಡಿಮೆ."

ಒಂಬತ್ತು ವರ್ಷ ಕೂಡಿಸಿದ ಮೇಲೆ ಈ ಬೇಕರಿ ಸಿಕ್ಕಿತು. ಬೇಕರಿಯ ಯಜಮಾನನ ಹೆಂಡತಿಯನ್ನು ಕೊನೆಯ ಎರಡು ವರ್ಷ ಎತ್ತಿ ಇಳಿಸಿದವರು ದೊಡ್ಡಕ್ಕ. ಅಂಗಡಿ ಮುಚ್ಚುವಾಗ ಆತ ಬೇರೆಯವರಿಗೆ ಹೇಳಿದ ಬೆಲೆಯ ಅರ್ಧಕ್ಕೆ ಇವರಿಗೆ ಬಿಟ್ಟುಕೊಟ್ಟ. ಹನ್ನೊಂದು ಜನ ಸೇರಿ ಗೋಡೆಯ ಮಸಿ ಉಜ್ಜಿದರು, ಸುಣ್ಣ ಹೊಡೆದರು. ಒಲೆಯಿದ್ದ ಗೋಡೆಯನ್ನು ಮಾತ್ರ ಕೆಡವಲು ಮನಸ್ಸಾಗಲಿಲ್ಲ. ಜೋರು ಮಳೆ ಬಂದ ದಿನ ಆ ಗೋಡೆಯಿಂದ ಈಗಲೂ ಸುಟ್ಟ ಬ್ರೆಡ್ಡಿನ ಘಮ ಬರುತ್ತದೆ ಎಂದು ಎತ್ತರದಕ್ಕ ಆಣೆ ಮಾಡುತ್ತಾರೆ. ದೊಡ್ಡಕ್ಕ, "ಹಸಿವಾದಾಗೆಲ್ಲ ಬರತ್ತೆ ಅವಳಿಗೆ," ಎಂದು ಮೂಗು ಮುರಿಯುತ್ತಾರೆ.

ಮಂಚ ಹಿಡಿದವರನ್ನು ಬಿಟ್ಟು ಇಂದು ಸದಸ್ಯರು ಅರವತ್ತೆರಡು. ಎಲ್ಲರೂ ಆಯಾಗಳು, ಅಟೆಂಡರುಗಳು, ಮನೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುವವರು. ಒಬ್ಬೊಬ್ಬರೂ ತಿಂಗಳಿಗೆ ಒಂದು ದಿನದ ಕೂಲಿ ಕೊಡುತ್ತಾರೆ, ಜೊತೆಗೆ ಅರ್ಧ ದಿನದ ಕೆಲಸ. ಅರವತ್ತೆರಡು ಅರ್ಧ ದಿನ ಎಂದರೆ ತಿಂಗಳ ಮೂವತ್ತೊಂದು ಹಗಲಿಗೆ ಸರಿಯಾಯಿತು, ಬೆಳಿಗ್ಗೆ ಒಬ್ಬಳು, ಮಧ್ಯಾಹ್ನ ಒಬ್ಬಳು. "ಫೆಬ್ರವರಿ ಅಂದ್ರೆ ನಮಗೆ ಬೋನಸ್ಸು," ಎಂದು ದೊಡ್ಡಕ್ಕ ಕಣ್ಣು ಮಿಟುಕಿಸುತ್ತಾರೆ. ಬರುವ ಅರವತ್ತೆರಡು ದಿನದ ಕೂಲಿಯಲ್ಲಿ ಮೂವತ್ತು ದಿನದ್ದು ರಾತ್ರಿ ಪಾಳಿಯವಳ ಸಂಬಳ. ಮಿಕ್ಕ ಮೂವತ್ತೆರಡರಲ್ಲಿ ನಾಲ್ವರ ಊಟ, ಔಷಧಿ, ಸೋಪು, ಕರೆಂಟು. ಅದಕ್ಕೇ ಐದನೇ ಮಂಚ ಇಲ್ಲ. ಯಾರಾದರೂ ಕಣ್ಣೀರಿಟ್ಟರೂ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಹದಿನೇಳು ಜನ ಇಲ್ಲಿ ಮಲಗಿ ನೆಮ್ಮದಿಯಿಂದ ಹೋಗಿದ್ದಾರೆ. ಆ ಮೊದಲ ಹನ್ನೊಂದು ಜನರಲ್ಲಿ ಈಗ ಉಳಿದಿರುವುದು ಈ ಇಬ್ಬರೇ.

ಒಮ್ಮೆ ಓಣಿಯ ಹಾರ್ಡ್‌ವೇರ್ ಅಂಗಡಿಯವರು ಬ್ಯಾಂಕಿನ ಪುಸ್ತಕ ಹಿಡಿದು ಬಂದರಂತೆ, ತಮಗೂ ಒಂದು ಹಾಸಿಗೆ ಬೇಕೆಂದು. ದೊಡ್ಡಕ್ಕ ಪುಸ್ತಕ ತೆರೆದೂ ನೋಡಲಿಲ್ಲ. "ಇದು ಎತ್ತಿದೋರ ಮನೆ ಸ್ವಾಮಿ, ನಿಮಗಿಲ್ಲ. ನೀವು ಒಂದು ಕೆಲಸ ಮಾಡಿ. ನಿಮ್ಮ ಮನೇಲೇ ಒಂದು ದಿನ ಮಲಗಿ. ಏಳಬೇಡಿ. ಆಮೇಲೆ ಏನೇನು ಬೇಕು ಅಂತ ನಿಮಗೇ ಗೊತ್ತಾಗತ್ತೆ," ಎಂದು ಕಳಿಸಿದರು. ಆ ಮನುಷ್ಯ ನಿಜವಾಗಿಯೂ ಮಲಗಿದ! ಮರುವಾರವೇ ಬಡಗಿಯನ್ನು ಕರೆಸಿ ಬಚ್ಚಲ ಬಾಗಿಲನ್ನು ಅಗಲ ಮಾಡಿಸಿದ.

ಈ ಮಲಗುವ ಉಪದೇಶ ಸುಮ್ಮನೆ ಬಂದದ್ದಲ್ಲ. ಅದರ ಹಿಂದೆ ಒಂದು ದೊಡ್ಡ ಎಡವಟ್ಟಿದೆ. ಬೇಕರಿಯನ್ನು ಮನೆ ಮಾಡುವಾಗ ಮಂಚ ಎಲ್ಲೆಲ್ಲಿ, ಸ್ವಿಚ್ ಎಲ್ಲಿ, ಗಡಿಯಾರ ಎಲ್ಲಿ ಎಂದು ಹನ್ನೊಂದು ತಲೆ ಸೇರಿ ತೀರ್ಮಾನ ಮಾಡಿದವು. ಎಲ್ಲರೂ ಅನುಭವಸ್ಥರು, ಕೇಳಬೇಕೆ! ಬಾಗಿಲಲ್ಲಿ ನಿಂತರೆ ನಾಲ್ಕೂ ಮುಖ ಒಟ್ಟಿಗೆ ಕಾಣುವಂತೆ ಮಂಚ ಹಾಕಿದರು, ತಲೆ ಕಿಟಕಿಯ ಕಡೆಗೆ. ಗಡಿಯಾರ ತಲೆಯ ಮೇಲೆ. ಸ್ವಿಚ್ಚು ಬಾಗಿಲ ಪಕ್ಕ. ಬಲ್ಬು ಮಂಚದ ನೇರ ಮೇಲೆ, ಗಾಯ ಕಟ್ಟಲು ಬೆಳಕು ಬೇಕಲ್ಲ. ನೋಡಿದವರೆಲ್ಲ ಭೇಷ್ ಎಂದರು. ಮೊದಲ ಮಂಚಕ್ಕೆ ಬಂದವರು ಹನ್ನೊಂದರಲ್ಲಿ ಹಿರಿಯರಾದ ಮೆತ್ತನಕ್ಕ. ಹೆಸರೇ ಹೇಳುವಂತೆ ಮೆತ್ತನೆಯ ಜೀವ, ಐದು ತಿಂಗಳು ತುಟಿ ಪಿಟಕ್ಕೆನ್ನದೆ ಮಲಗಿದರು.

ಒಂದು ಮಧ್ಯಾಹ್ನ ಬೆನ್ನು ಹಿಡಿದುಕೊಂಡಿತೆಂದು ಎತ್ತರದಕ್ಕ ಪಕ್ಕದ ಖಾಲಿ ಮಂಚದಲ್ಲಿ ಹತ್ತು ನಿಮಿಷ ಮೈಚಾಚಿದರು. ಬಲ್ಬು ಕಣ್ಣಿಗೆ ಚುಚ್ಚಿತು. ಕಿಟಕಿ ತಲೆಯ ಹಿಂದೆ, ಕಾಣುವುದಿಲ್ಲ. ಗಂಟೆ ಎಷ್ಟೆಂದು ಕತ್ತು ತಿರುಚಿದರೂ ತಿಳಿಯುವುದಿಲ್ಲ. ಕಣ್ಣೆದುರು ಇದ್ದದ್ದು ಬೋಳು ಗೋಡೆ ಮತ್ತು ಯಾರು ಬೇಕಾದರೂ ನುಗ್ಗಬಹುದಾದ ಬಾಗಿಲು. "ಎದ್ದು ಕೂತು ಅತ್ತೆ ನಾನು," ಎನ್ನುತ್ತಾರೆ ಎತ್ತರದಕ್ಕ. "ಐದು ತಿಂಗಳು ಗೋಡೆ ನೋಡಿಸಿದ್ವಲ್ಲ ಅವಳಿಗೆ! ಯಾಕೆ ಹೇಳ್ಲಿಲ್ಲ ಅಂದ್ರೆ, ನೀವೆಲ್ಲ ಇಷ್ಟು ಕಷ್ಟಪಟ್ಟು ಮಾಡಿದ್ದೀರಿ, ಹೆಂಗೆ ಹೇಳ್ಲಿ ಅಂದ್ಳು. ನಮಗೆ ಜೀವಮಾನ ಪೂರ್ತಿ ಮಂಚದ ಪಕ್ಕ ನಿಂತು ಗೊತ್ತು. ಮಂಚದ ಮೇಲಿಂದ ನೋಡಿ ಗೊತ್ತಿಲ್ಲ. ನೋಡ್ಕೊಳ್ಳೋರಿಗೆ ಅನುಕೂಲ ಆಗೋ ಹಂಗೆ ಮನೆ ಮಾಡ್ಕೊಂಡಿದ್ವಿ, ಮಲಗೋರಿಗಲ್ಲ."

ಅಂದೇ ಸಂಜೆ ನಾಲ್ಕೂ ಮಂಚ ತಿರುಗಿದವು. ಅಂದೇ ಒಂದು ಕಟ್ಟಳೆಯೂ ಹುಟ್ಟಿತು: ಈ ಕೂಟಕ್ಕೆ ಸೇರುವ ಪ್ರತಿಯೊಬ್ಬಳೂ ಒಂದು ದಿನ ಇಲ್ಲಿ ರೋಗಿಯಾಗಿ ಮಲಗಬೇಕು. ಬೆಳಗಿನ ಐದರಿಂದ ರಾತ್ರಿ ಎಂಟರವರೆಗೆ. ಏಳುವಂತಿಲ್ಲ. ಮುಖ ತೊಳೆಯುವುದರಿಂದ ಹಿಡಿದು ಬೆಡ್‌ಪ್ಯಾನಿನವರೆಗೆ ಎಲ್ಲ ಬೇರೆಯವರ ಕೈಯಲ್ಲಿ. ಎಂಟು ಗಂಟೆಗೆ ಎದ್ದು ಕೂತು, ಏನಾದರೂ ಒಂದನ್ನು ಬದಲಿಸಿ ಎಂದು ಹೇಳಬೇಕು, ಅದನ್ನು ಬದಲಿಸಲೇಬೇಕು. ಇದಕ್ಕೆ 'ಮಲಗುವ ದಿನ' ಎಂದೇ ಹೆಸರು. ಇಲ್ಲಿ ಹೊದಿಕೆಯನ್ನು ಕಾಲ್ಬೆರಳ ಹತ್ತಿರ ಬಿಗಿದು ಸಿಕ್ಕಿಸುವುದಿಲ್ಲ, ಒಬ್ಬಳಿಗೆ ಇಡೀ ದಿನ ಬೆರಳು ಜೋಮು ಹಿಡಿದಿತ್ತು. ಕಾಲು ಮುಟ್ಟುವ ಮುಂಚೆ ಮುಟ್ಟುತ್ತೇನೆ ಎಂದು ಹೇಳುತ್ತಾರೆ. ಮಲಗಿದವರ ಮೇಲಿಂದ ಇಬ್ಬರು ಮಾತಾಡಿಕೊಳ್ಳುವುದಿಲ್ಲ. "ಅತ್ತೆ ಮನೆ ಕತೆ ನನ್ನ ಹೊಟ್ಟೆ ಮೇಲೆ ಹೇಳ್ಕೊಂಡ್ರು ಇಬ್ರೂ, ಅರ್ಧಕ್ಕೆ ನಿಲ್ಸಿ ಹೋದ್ರು," ಎಂದು ಗೊಣಗಿದವಳಿಂದ ಬಂದ ನಿಯಮ ಅದು.

ಅರವತ್ತೆರಡು ಜನರಲ್ಲಿ ಅರವತ್ತೊಂದು ಜನ ಮಲಗಿದ್ದಾರೆ. ಮಲಗದವರು ಒಬ್ಬರೇ, ದೊಡ್ಡಕ್ಕ. ಇಪ್ಪತ್ತೊಂದು ವರ್ಷದಿಂದ ನೆಪ ಹೇಳುತ್ತಲೇ ಬಂದಿದ್ದಾರೆ. ಒಂದು ವರ್ಷ ಮಗಳ ಬಾಣಂತನ, ಒಂದು ವರ್ಷ ಸೂರು ಸೋರಿಕೆ, ಇನ್ನೊಂದು ವರ್ಷ ಏನೂ ಸಿಗದೆ "ಅವತ್ತು ಶನಿವಾರ" ಎಂದರಂತೆ. ಅವರ ಬಾಯಿಗೆ ಹೆದರಿ ಯಾರೂ ಹೆಚ್ಚು ಕೇಳಲಿಲ್ಲ. ಆದರೆ ಮಲಗುವ ದಿನ ಮುಗಿಸದವರಿಗೆ ಮಂಚ ಇಲ್ಲ, ಅದೂ ನಿಯಮವೇ.

"ಎತ್ತೋಳಿಗೆ ಒಂದು ಹೆಸರಿದೆ," ಎನ್ನುತ್ತಾರೆ ದೊಡ್ಡಕ್ಕ, ಇಬ್ಬರೂ ಧೊಪ್ಪೆಂದು ಕೂತ ಆ ಬುಧವಾರ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ. ಮಗಳಿಗೆ ಕೇಳಿಸದಂತೆ ದನಿ ತಗ್ಗಿಸಿದ್ದಾರೆ. "ಐವತ್ತೆರಡು ವರ್ಷ ಅದೊಂದೇ ಹೆಸರು ನಂಗೆ. ದೊಡ್ಡಕ್ಕ ಬಂದ್ಲು ಅಂದ್ರೆ ರೋಗಿಗಳು ಅರ್ಧ ಎದ್ದು ಕೂರೋರು. ಮಲಗಿದ್ರೆ ನಾನು ಯಾರು? ನಾಲ್ಕನೇ ಮಂಚ. ಅಷ್ಟೇ ತಾನೇ?"

ಗೋಡೆಯಾಚೆ ಮಗಳಿಗೆ ಕೇಳಿಸಿಯೇ ಇದೆ. ಅವಳು ಬಂದು ಎದುರು ಕುಕ್ಕರುಗಾಲಲ್ಲಿ ಕೂರುತ್ತಾಳೆ. "ಅಮ್ಮ, ಮೂರನೇ ಸಲ ಬಿದ್ರೆ ಟೈಲರ್ ಮನೇಲಿರ್ತಾನೋ ಇಲ್ವೋ. ನಂಗೆ ಫೋನ್ ಬಂದಾಗೆಲ್ಲ ಎದೆ ಧಸಕ್ ಅನ್ನತ್ತೆ. ನಾನು ಯಾರ್ಯಾರ ಅಮ್ಮನನ್ನೋ ಎತ್ತುತಾ ಇರ್ತೀನಿ, ನನ್ನಮ್ಮ ಮೆಟ್ಟಿಲ ಕೆಳಗೆ ಬಿದ್ದಿರ್ತಾಳೆ. ಇದು ಸರೀನಾ?" ದೊಡ್ಡಕ್ಕ ಎಣ್ಣೆ ಡಬ್ಬಿಯ ಮುಚ್ಚಳ ಹಾಕಿ, "ಶನಿವಾರ ಮಲಗ್ತೀನಿ. ಮಂಚ ಬೇಕು ಅಂತ ಅಲ್ಲ. ನಿನ್ನ ಬಾಯಿ ಮುಚ್ಚಿಸೋಕೆ," ಎನ್ನುತ್ತಾರೆ.

ಶನಿವಾರ ಬೆಳಿಗ್ಗೆ ಐದು. ಮಗಳು ಬೇರೆಯವಳೊಂದಿಗೆ ಪಾಳಿ ಬದಲಿಸಿಕೊಂಡು ಬಂದಿದ್ದಾಳೆ. ದೊಡ್ಡಕ್ಕ ಚಪ್ಪಲಿ ಬಿಟ್ಟು, ನಾಲ್ಕನೇ ಮಂಚದ ಮೇಲೆ ಬೆನ್ನು ನೆಟ್ಟಗೆ ಮಾಡಿ, ಫೋಟೋ ತೆಗೆಸಿಕೊಳ್ಳುವವರಂತೆ ಮಲಗುತ್ತಾರೆ. ಐದೂ ಇಪ್ಪತ್ತಕ್ಕೇ ಶುರು. "ಆ ಟವೆಲ್ ಸರಿಯಾಗಿ ಹಿಂಡು. ಮೂರನೇ ಮಂಚದೋಳಿಗೆ ಮಾತ್ರೆ ಹಾಲಲ್ಲಿ ಅಲ್ಲ, ನೀರಲ್ಲಿ. ಕಿಟಕಿ ಪೂರ್ತಿ ತೆಗೀಬೇಡ, ಥಂಡಿ."

"ಮಲಗಿದೋರು ಮಾತಾಡಬಹುದು, ಮೇಸ್ತ್ರಿಕೆ ಮಾಡಬಾರದು," ಎಂದು ಮೊದಲ ಮಂಚದಿಂದ ಎತ್ತರದಕ್ಕ ಗದರುತ್ತಾರೆ. ಮಿಕ್ಕ ಇಬ್ಬರು ಮುದುಕಿಯರೂ ಕಿಸಕ್ಕೆಂದು ನಗುತ್ತಾರೆ. ದೊಡ್ಡಕ್ಕ ಮುಖ ಊದಿಸಿಕೊಂಡು ಕಿಟಕಿಯ ಕಡೆ ತಿರುಗುತ್ತಾರೆ.

ಏಳು ಗಂಟೆಗೆ ಬಾಯಾರಿಕೆ. ಕೇಳುವುದಿಲ್ಲ. ಎಂಟಕ್ಕೆ ಬೇರೊಂದು ಅವಸರ. ಅದನ್ನೂ ಕೇಳುವುದಿಲ್ಲ. ಎಂಟೂವರೆ, ಒಂಬತ್ತು. ಕೈ ಹೊದಿಕೆಯನ್ನು ಗಟ್ಟಿಯಾಗಿ ಹಿಡಿದಿದೆ. ಸಾವಿರಾರು ಜನರಿಗೆ "ನಾಚ್ಕೋಬೇಡಿ, ನಾನು ನಿಮ್ಮ ಮನೆಯೋಳೇ ಅಂತ ತಿಳ್ಕೊಳ್ಳಿ" ಎಂದು ಹೇಳಿದ ಬಾಯಿಗೆ ಒಂದು ಸಲ "ನಂಗೆ ಹೋಗಬೇಕು" ಎನ್ನಲು ಆಗುತ್ತಿಲ್ಲ. ನಾಚಿಕೆಯಾಗುತ್ತಿದೆ, ಸಿಟ್ಟು ಬರುತ್ತಿದೆ, ಈ ಕಟ್ಟಳೆ ಮಾಡಿದವರ ಮೇಲೆ, ಎಂದರೆ ತನ್ನ ಮೇಲೆಯೇ. ಕಣ್ಣಂಚಿನಿಂದ ನೀರು ಕಿವಿಯ ಕಡೆ ಹರಿಯುತ್ತಿದೆ. ಒರೆಸಿಕೊಳ್ಳಲೂ ಬಿಗುಮಾನ.

ಮಗಳು ದೂರದಿಂದಲೇ ಗಮನಿಸುತ್ತಾಳೆ. ಮೊಣಕಾಲು ಒಂದಕ್ಕೊಂದು ಒತ್ತಿಕೊಂಡಿವೆ. ಕೇಳಲಾರದವರ ಮೊಣಕಾಲು ನೋಡಬೇಕು ಎಂದು ಅವಳಿಗೆ ಕಲಿಸಿದವರು ಯಾರು? ಇದೇ ಅಮ್ಮ. ಅವಳು ಬಂದು ಏನೂ ಕೇಳದೆ ಪರದೆ ಎಳೆಯುತ್ತಾಳೆ, ಮಂಚದ ಪಕ್ಕ ಕಮೋಡಿನ ಕುರ್ಚಿ ತಂದಿಡುತ್ತಾಳೆ. "ಮುಟ್ತೀನಿ ಅಮ್ಮ," ಎನ್ನುತ್ತಾಳೆ. ಮೊಣಕಾಲಿಗೆ ಮೊಣಕಾಲು, ಬೆನ್ನಿಗೆ ಎರಡು ಕೈ. ಒಂದು, ಎರಡು, ಹಾಂ. ದೊಡ್ಡಕ್ಕನ ಮೈ ಹತ್ತಿಯ ಹಾಗೆ ಮೇಲೇಳುತ್ತದೆ. ಎಲ್ಲೂ ಎಳೆತವಿಲ್ಲ, ನೋವಿಲ್ಲ, ಬೀಳುತ್ತೇನೆಂಬ ಭಯವಿಲ್ಲ. ಕುರ್ಚಿಯಲ್ಲಿ ಕೂತ ಮೇಲೆ ಅವರು ತುಂಬ ಹೊತ್ತು ಮಗಳ ತೋಳು ಬಿಡುವುದಿಲ್ಲ.

"ಇಷ್ಟು ಚೆನ್ನಾಗಿರತ್ತೇನೇ?" ಎಂದು ಪರದೆಯ ಒಳಗಿಂದ ಕೇಳಿಸುತ್ತದೆ. "ನಾನು ಎತ್ತಿದ್ರೆ ಅವರಿಗೆಲ್ಲ ಹಿಂಗೇ ಇರ್ತಿತ್ತಾ?"

"ಹಿಂಗೇ ಇರ್ತಿತ್ತು. ನಿನ್ನದೇ ಕೈ ತಾನೇ ಇದು."

ಐವತ್ತೆರಡು ವರ್ಷ ಎತ್ತಿದ ಹೆಂಗಸಿಗೆ ತನ್ನ ಎತ್ತುವಿಕೆ ಹೇಗಿತ್ತೆಂದು ಗೊತ್ತಾದದ್ದು ಎಪ್ಪತ್ತೊಂದನೇ ವಯಸ್ಸಿನಲ್ಲಿ. ಆಮೇಲೆ ಅವರು ನೀರು ಕೇಳುತ್ತಾರೆ. ಆಮೇಲೆ ದಿಂಬು ಸ್ವಲ್ಪ ಎಡಕ್ಕೆ. ಮಧ್ಯಾಹ್ನದ ಹೊತ್ತಿಗೆ ನಿದ್ದೆಯೂ ಹೋಗುತ್ತಾರೆ, ಬಾಯಿ ತೆರೆದು, ಗೊರಕೆ ಹೊಡೆದು. "ಇಪ್ಪತ್ತೊಂದು ವರ್ಷದ ನಿದ್ದೆ ಬಾಕಿ ಇತ್ತು ಪಾಪ," ಎಂದು ಎತ್ತರದಕ್ಕ ಎಲ್ಲರಿಗೂ ಸನ್ನೆ ಮಾಡಿ ಸದ್ದು ಅಡಗಿಸುತ್ತಾರೆ.

ಎಂಟು ಗಂಟೆಗೆ ದೊಡ್ಡಕ್ಕ ಎದ್ದು ಕೂರುತ್ತಾರೆ. ಸುದ್ದಿ ತಿಳಿದು ಹತ್ತು ಹದಿನೈದು ಸದಸ್ಯರು ಕೆಲಸ ಮುಗಿಸಿ ನೇರ ಇಲ್ಲಿಗೇ ಬಂದಿದ್ದಾರೆ. ಈ ಕ್ಷಣಕ್ಕೆ ಅವರೆಲ್ಲ ವರ್ಷಗಟ್ಟಲೆ ಕಾದಿದ್ದಾರೆ. ದೊಡ್ಡಕ್ಕ ಏನು ಬದಲಿಸಲು ಹೇಳಬಹುದು? ಮಂಚದ ಎತ್ತರವೇ, ಊಟದ ಹೊತ್ತೇ, ಅಥವಾ ಎಲ್ಲರಿಗೂ ಒಂದು ಸುತ್ತು ಬೈಗುಳವೇ?

"ಇವತ್ತು ನನ್ನ ಮಂಚದ ಹತ್ತಿರ ಹದಿನಾಲ್ಕು ಸಲ ಜನ ಬಂದ್ರಿ," ಎಂದು ಅವರು ನಿಧಾನ ಶುರು ಮಾಡುತ್ತಾರೆ. "ನಾನು ಎಣಿಸಿದೆ, ಬೇರೆ ಏನು ಕೆಲಸ ಇತ್ತು? ಒಬ್ಬಳ ಕೈಯಲ್ಲಿ ಟವೆಲ್ಲು. ಒಬ್ಬಳ ಕೈಯಲ್ಲಿ ಮಾತ್ರೆ. ಹಾಲು, ಎಣ್ಣೆ, ಬಕೆಟ್ಟು. ಎಲ್ಲಾ ಚೆನ್ನಾಗೇ ಮಾಡಿದ್ರಿ, ಒಂದು ತಪ್ಪು ಹುಡುಕೋಕೆ ಆಗ್ಲಿಲ್ಲ, ಹುಡುಕಿದೆ ಕೂಡ. ಆದ್ರೆ ಬರಿಗೈಯಲ್ಲಿ ಒಬ್ರೂ ಬರಲಿಲ್ಲ. ಕೆಲಸ ಇದ್ರೆ ಬರ್ತೀರಿ, ಮುಗಿದ್ರೆ ಹೋಗ್ತೀರಿ. ನಾನೂ ಐವತ್ತೆರಡು ವರ್ಷ ಹಂಗೇ ಮಾಡಿದ್ದೀನಿ. ದಿನಕ್ಕೆ ಒಬ್ಬರು, ಒಂದು ಅರ್ಧ ಗಂಟೆ, ಏನೂ ಕೆಲಸ ಇಲ್ಲದೆ ಬಂದು ಪಕ್ಕದಲ್ಲಿ ಕೂತ್ಕೋಬೇಕು. ಒಂದೊಂದು ಮಂಚಕ್ಕೂ. ಅದನ್ನ ಬದಲಿಸಿ."

ಮಗಳೇ ಲೆಕ್ಕ ಹೇಳುತ್ತಾಳೆ, ಮೆಲ್ಲಗೆ, ನೋಯಿಸಬಾರದೆಂದು. "ಅಮ್ಮ, ಇರೋದು ಅರವತ್ತೆರಡು ಅರ್ಧ ದಿನ. ಒಂದೂ ಮಿಗಲ್ಲ. ನಾಲ್ಕು ಮಂಚಕ್ಕೆ ದಿನಕ್ಕೆ ಎರಡು ಗಂಟೆ ಆಯ್ತು. ಎಲ್ಲಿಂದ ತರೋದು? ನೀನೇ ಹೇಳು."

ದೊಡ್ಡಕ್ಕ ತಮ್ಮ ಎರಡು ಕೈಗಳನ್ನು ಮಗುಚಿ ನೋಡಿಕೊಳ್ಳುತ್ತಾರೆ.

"ಆ ಪಾಳಿ ನಂದು," ಎನ್ನುತ್ತಾರೆ. "ಎತ್ತೋಕೆ ಆಗಲ್ಲ, ಒಪ್ಕೋತೀನಿ. ಕೂತ್ಕೊಳ್ಳೋಕೆ ಆಗತ್ತಲ್ಲ? ಇಲ್ಲೇ ಇರ್ತೀನಿ, ಬೆಳಿಗ್ಗೆಯಿಂದ ಸಂಜೆ ತನಕ ಇಲ್ಲೇ ಇರ್ತೀನಿ. ನಾಳೆ ನನ್ನ ಟ್ರಂಕು ತಂದುಬಿಡು. ಮೆಟ್ಟಿಲಲ್ಲಿ ಹುಷಾರು."

ಮಗಳು ಅತ್ತೇಬಿಡುತ್ತಾಳೆ. ಎತ್ತರದಕ್ಕ ಮೇಟ್ರನ್ನಿನ ಹಾಗೆ ಕೆಮ್ಮಿ, "ಸಾಕು, ಸಂದರ್ಶನದ ವೇಳೆ ಮುಗೀತು, ಎಲ್ಲಾ ಹೊರಡಿ," ಎಂದು ಕೋಣೆ ಖಾಲಿ ಮಾಡಿಸುತ್ತಾರೆ.

ಭಾನುವಾರ ಒಂದು ಟ್ರಂಕು, ಒಂದು ಚಾಪೆ, ಒಂದು ಎಣ್ಣೆ ಡಬ್ಬಿ ಹದಿನೇಳು ಮೆಟ್ಟಿಲು ಇಳಿದು ಬರುತ್ತವೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಪಾಳಿಯವಳು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿರುವಾಗ, ದೊಡ್ಡಕ್ಕ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಮೊದಲ ಮಂಚದ ಹತ್ತಿರ ಬರುತ್ತಾರೆ. ಸ್ಟೂಲು ಎಳೆದು ಕೂರುತ್ತಾರೆ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮಡಿಲಲ್ಲಿಟ್ಟು, ಒಮ್ಮೆ ಮಂಚದ ಮೇಲಿಟ್ಟು, ಕೊನೆಗೆ ಗೆಳತಿಯ ಕೈ ಮೇಲೆ ಇಡುತ್ತಾರೆ. ಎತ್ತರದಕ್ಕ ಕಣ್ಣು ತೆರೆಯುತ್ತಾರೆ.

"ಏನೇ? ಮಾತ್ರೆ ಹೊತ್ತಾಯ್ತಾ?"

"ಇಲ್ಲ ಕಣೇ," ಎನ್ನುತ್ತಾರೆ ದೊಡ್ಡಕ್ಕ. "ಸುಮ್ನೆ ಬಂದೆ."